ಬಳೆ ತೊಟ್ಟ ಕೈಗೆ ಗ್ಲೌಸು

ಕಾವ್ಯಾ, ಪ್ರವೀಣ, ನೀವಿಬ್ಬರೂ ಹುಬ್ಬಳ್ಳಿಯಲ್ಲಿ ಕಾರು ತೊಳೆದು ಹೊಳಪು ಕೊಡುವ ಅಂಗಡಿಗೆ ಸೇರಿದಿರಿ ಎಂದು ನಿಮ್ಮ ಅವ್ವ ಫೋನಿನಲ್ಲಿ ಹೇಳಿದಳು. ಅಲ್ಲಿ ಅದಕ್ಕೆ ಡಿಟೇಲಿಂಗ್ ಎನ್ನುತ್ತಾರಂತೆ. ಅಣ್ಣಿಗೇರಿಯಲ್ಲಿ ನಾವು ಅದನ್ನು ಕೊನೆಯವರೆಗೂ ಗಾಡಿ ತೊಳೆಯುವುದು ಎಂದೇ ಕರೆದೆವು. ಹೆಸರು ಬೇರೆಯಾದರೂ ಡಬ್ಬಿಯೊಳಗೆ ಇರುವುದು ಹೆಚ್ಚುಕಡಿಮೆ ಅದೇ. ಎದುರಿಗೆ ಕೂತು ಹೇಳುವುದು ನನ್ನಿಂದ ಆಗುವುದಿಲ್ಲ, ನಾಲ್ಕು ಮಂದಿ ನೋಡತೊಡಗಿದರೆ ನನ್ನ ಮಾತು ಗಂಟಲಲ್ಲೇ ನಿಲ್ಲುತ್ತದೆ. ಗುಡಗೇರಿಯ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಕಲಿತಿದ್ದೇನೆ, ಬರೆಯಲು ಅಷ್ಟು ಸಾಕು. ಪಗಾರ ಹೇಗೆ ಏರಿತು, ಯಾರು ಯಾರಿಗೆ ಮೇಲಿನವರಾದರು ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದು ನಿಮಗೆ ಉಪಯೋಗವಿಲ್ಲ.

ನಿಮ್ಮ ಅಜ್ಜ ತೀರಿಕೊಂಡಾಗ ನಿಮ್ಮ ಅವ್ವ ಇನ್ನೂ ಶಾಲೆಗೆ ಹೋಗುತ್ತಿದ್ದಳು. ಗದಗ ರಸ್ತೆಗೆ ಹತ್ತಿದಂತೆ ಈರಣ್ಣನ ಸರ್ವಿಸ್ ಸ್ಟೇಶನ್ ಇತ್ತು. ಅಲ್ಲಿ ಹೆಂಗಸರು ಬೇಕಾಗಿದ್ದಾರೆ ಎಂದು ಯಾರೋ ಹೇಳಿದರು. ಹೋದೆ. ಆಗ ಬರುತ್ತಿದ್ದುದು ಟ್ರ್ಯಾಕ್ಟರು, ಟಂಟಂ, ಎಲ್ಲೋ ಒಂದೊಂದು ಜೀಪು. ನಮ್ಮ ಕಡೆಯ ಎರೆಮಣ್ಣು ಗಾಲಿಯ ಸಂದಿಯಲ್ಲಿ ಹೊಕ್ಕು ಒಣಗಿದರೆ ನೀರಿಗೆ ಬಿಡುವುದಿಲ್ಲ. ಸೋಡಾಪುಡಿ, ಸೀಮೆಎಣ್ಣೆ, ತೆಂಗಿನ ಜುಂಜು, ಇಷ್ಟೇ ನಮ್ಮ ಸಾಮಾನು. ಬರಿಗೈ, ಬರಿಗಾಲು. ಕೈ ಸೀಳಿದ್ದು ಕೆಲಸದ ಜಾಗದಲ್ಲಿ ಗೊತ್ತಾಗುತ್ತಿರಲಿಲ್ಲ. ಮನೆಗೆ ಬಂದು ಬಿಸಿನೀರಿನಲ್ಲಿ ಜೋಳದ ಹಿಟ್ಟು ನಾದಲು ಕೂತಾಗ ಒಂದೊಂದು ಸೀಳೂ ಉರಿಯುತ್ತಿತ್ತು. ಎಲ್ಲರ ಕೈಯೂ ಹಾಗೆ ಇದ್ದುದರಿಂದ ಅದನ್ನು ಯಾರೂ ದೊಡ್ಡದು ಮಾಡಲಿಲ್ಲ.

ಮೊದಲು ಬಂದ ರಕ್ಷಣೆಯ ಸಾಮಾನೆಂದರೆ ಗಮ್‌ಬೂಟು. ಈರಣ್ಣ ಒಂದು ಚೀಲ ತುಂಬ ತಂದು ಸುರಿದ, ಎಲ್ಲವೂ ಗಂಡಸರ ಅಳತೆ. ನಾವು ಹೆಂಗಸರು ಸೀರೆಯ ನಿರಿಗೆ ಒದ್ದೆಯಾಗಬಾರದೆಂದು ಅದನ್ನು ಬೂಟಿನೊಳಗೆ ತುರುಕಿದೆವು. ಮಧ್ಯಾಹ್ನಕ್ಕೆ ಬೂಟು ತೆಗೆದರೆ ಒಳಗೆ ಬೊಗಸೆ ಸಾಬೂನು ನೀರು. ಹತ್ತಿಯ ಸೀರೆ ದೀಪದ ಬತ್ತಿಯ ಹಾಗೆ ನೀರು ಹೀರಿ ಒಳಗೆ ಇಳಿಸುತ್ತಿತ್ತು. ಕಾಲ್ಬೆರಳ ಸಂದಿ ಬೆಳ್ಳಗಾಗಿ ಚರ್ಮ ಸುಲಿಯಿತು. ಆಮೇಲೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಪ್ಲಾಸ್ಟಿಕ್ ಏಪ್ರನ್ನನ್ನು ಬೂಟಿನ ಹೊರಗೆ ಇಳಿಬಿಟ್ಟೆವು. ಬಟ್ಟೆ ಯಾವಾಗಲೂ ಬೂಟಿನ ಹೊರಗಿರಲಿ. ಪ್ರವೀಣ, ನಿನ್ನ ಪ್ಯಾಂಟಿಗೂ ಇದೇ ಮಾತು.

ಕಾರುಗಳು ಹೆಚ್ಚಿದ ಮೇಲೆ ಒಳಗಿನ ಸೀಟು ತೊಳೆಯುವ ಕೆಲಸವೂ ಬಂತು. ಒಮ್ಮೆ ಕುಂದಗೋಳ ಕಡೆಯ ಮೆಣಸಿನಕಾಯಿ ವ್ಯಾಪಾರಿಯೊಬ್ಬ ಹೊಸ ಕಾರು ತಂದು ನಿಲ್ಲಿಸಿದ. ಹಿಂದಿನ ಸೀಟು ಮಡಚಿ ಚೀಲ ಹೇರಿದ್ದನಂತೆ. ನಾನು ಒಳಗೆ ಕೂತು ವ್ಯಾಕ್ಯೂಮ್ ಹಚ್ಚಿದೆ. ಅದರ ಚೀಲ ಎಲ್ಲಿಯೋ ಹರಿದಿತ್ತು. ಮುಂದಿನಿಂದ ಹೀರಿದ ಖಾರವನ್ನೆಲ್ಲ ಅದು ಹಿಂದಿನಿಂದ ಉಗುಳಿತು. ಹೊರಗೆ ನಿಂತವರೂ ಕೆಮ್ಮಿ ಕಣ್ಣೀರು ಹಾಕಿದರು. ಈರಣ್ಣ ಟವೆಲ್ಲಿನಿಂದ ಮೂಗು ಒರೆಸಿಕೊಳ್ಳುತ್ತ ವ್ಯಾಪಾರಿಗೆ, "ಏನ್ರಿ ಸಾಹುಕಾರ್ರ, ಗಾಡಿ ತೊಳಿಯಾಕ ತಂದೀರೋ ಒಗ್ಗರಣಿ ಹಾಕಾಕ ತಂದೀರೋ?" ಎಂದ.

"ನಿಮ್ಮ ಮಶೀನ್ ನೆಟ್ಟಗ ಇಟಗೋರಿ ಮೊದಲ," ಎಂದ ಅವನು. ಅವನಿಗೂ ಸೀನು ಬರುತ್ತಿತ್ತು.

ಅಂದಿನಿಂದ ಬಿಳಿ ಬಟ್ಟೆಯ ಮಾಸ್ಕು ಬಂತು. ಧೂಳಿಗೆ ಅದು ಆಗುತ್ತದೆ. ನಮ್ಮ ತಪ್ಪೇನೆಂದರೆ, ಅದನ್ನೇ ಎಲ್ಲದಕ್ಕೂ ಆಗುತ್ತದೆ ಎಂದುಕೊಂಡದ್ದು. ನಾವು ಡಬ್ಬಿಯಲ್ಲಿ ಬಂದ ಎಲ್ಲದಕ್ಕೂ ಎಣ್ಣಿ ಎನ್ನುತ್ತಿದ್ದೆವು, ಹೊಲಕ್ಕೆ ಹೊಡೆಯುವ ಔಷಧಕ್ಕೆ ಅನ್ನುವ ಹಾಗೆ. ಡಾಂಬರಿನ ಕಲೆ ತೆಗೆಯುವ ಎಣ್ಣಿ, ಡ್ಯಾಶ್‌ಬೋರ್ಡಿಗೆ ಹೊಳಪಿನ ಎಣ್ಣಿ. ಬೇಸಿಗೆಯಲ್ಲಿ ಧೂಳು ಬರುತ್ತದೆ ಎಂದು ಕಾರಿನ ಬಾಗಿಲು ಹಾಕಿಕೊಂಡು, ಬಟ್ಟೆಯ ಮಾಸ್ಕು ಕಟ್ಟಿಕೊಂಡು ಒಳಗೆ ಆ ಎಣ್ಣಿ ಒರೆಸುತ್ತಿದ್ದೆವು. ಹೊರಗೆ ಬಂದರೆ ತಲೆ ಗಿರ್ರೆನ್ನುತ್ತಿತ್ತು. ಬಿಸಿಲಿನದು ಎಂದುಕೊಂಡೆವು. ಮುಂದೆ ಬಾಯಿಯ ಎರಡು ಬದಿಗೆ ಡಬ್ಬಿ ಮುಚ್ಚಳದಂಥ ಕಪ್ಪು ಗುಂಡಿ ಇರುವ ಮಾಸ್ಕು ಬಂತು. ಅದನ್ನು ಹಾಕಿದರೆ ವಾಸನೆಯೇ ಇಲ್ಲ. ನಮಗೆ ಖುಷಿಯಾಗಿ, ಕೆಲಸ ಮುಗಿದ ಕೂಡಲೇ ಅದನ್ನು ಎಣ್ಣಿ ಡಬ್ಬಿಗಳ ಮೇಲಿನ ಮೊಳೆಗೆ ತೂಗುಹಾಕುತ್ತಿದ್ದೆವು. ಕೆಲವೇ ದಿನಕ್ಕೆ ವಾಸನೆ ಒಳಗೆ ಬರತೊಡಗಿತು. ಆ ಗುಂಡಿಯೊಳಗಿನ ಇದ್ದಿಲು ನಾವು ಹಾಕಿಕೊಳ್ಳದಿದ್ದಾಗಲೂ ಗಾಳಿಯಲ್ಲಿದ್ದುದನ್ನು ಹೀರುತ್ತಲೇ ಇತ್ತು. ಅದನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಕು. ವಾಸನೆ ಬಂದರೆ ಬದಲಿಸಬೇಕು. ಬಾಗಿಲು ಮಾತ್ರ ನಾಲ್ಕೂ ತೆರೆದಿರಬೇಕು, ಯಾವ ಮಾಸ್ಕು ಇದ್ದರೂ.

ಈರಣ್ಣನ ಬಗ್ಗೆ ಒಂದು ಮಾತು. ಮನುಷ್ಯ ಕೆಟ್ಟವನಲ್ಲ. ಆದರೆ ಯಾವ ಡಬ್ಬಿ ಬಂದರೂ ಮುಚ್ಚಳ ತೆಗೆದು ಮೂಸಿ ನೋಡಿ, "ಇದು ಚಲೋ ಐತಿ, ಇದು ಸಾದಾ ಐತಿ," ಎಂದು ತೀರ್ಪು ಕೊಡುತ್ತಿದ್ದ. ಕಣ್ಣಿಗೆ ಎಣ್ಣಿ ಸಿಡಿಯಬಾರದೆಂದು ಕನ್ನಡಕ ಹಾಕಿಕೊಳ್ಳಿ ಎಂದು ನಮಗೆ ಬೈಯುತ್ತಿದ್ದ, ತನ್ನದನ್ನು ಹಣೆಯ ಮೇಲೆ ಏರಿಸಿಕೊಂಡಿರುತ್ತಿದ್ದ. "ಕಣ್ಣು ಹಣಿಮ್ಯಾಲೆ ಬಂದಾವೇನ್ರಿ ಮಾಲಕ್ರ?" ಎಂದು ಹುಡುಗಿಯರು ಚಾಷ್ಟಿ ಮಾಡುತ್ತಿದ್ದರು.

ನೀಲಿ ಡಬ್ಬಿ ಬಂದದ್ದು ಹೊಳೆಯುವ ಅಲಾಯ್ ಗಾಲಿಗಳ ಕಾರು ಬರತೊಡಗಿದ ಮೇಲೆ. ಹುಬ್ಬಳ್ಳಿಯಿಂದ ಎಣ್ಣಿ ಮಾರುವವನೊಬ್ಬ ತಂದ. ಡಬ್ಬಿಯ ಮೇಲೆ ಹೊಳೆಯುವ ಗಾಲಿಯ ಚಿತ್ರ ಬಿಟ್ಟರೆ ಒಂದಕ್ಷರವಿಲ್ಲ. ಎರೆಮಣ್ಣು ಹತ್ತಿ ಕಪ್ಪಾದ ಗಾಲಿಗೆ ಒಂದಿಷ್ಟು ಸಿಂಪಡಿಸಿದ, ಕೊಳೆ ತಾನಾಗಿ ಇಳಿದುಹೋಯಿತು.

"ಕೈಗೆ ಏನರ ಆಗತೈತೇನಪಾ?" ಎಂದು ಈರಣ್ಣ ಕೇಳಿದ.

"ಏನ್ ಆಗತೈತ್ರಿ? ಅಗದಿ ಸೌಮ್ಯ ಐತಿ. ಬೇಕಾರ ನಾ ಇದರಾಗ ಮುಖ ತೊಕ್ಕೊಂತೀನಿ."

"ತೊಕ್ಕೋ ಹಂಗಾರ, ನೋಡೂಣು."

ಅವನು ನಕ್ಕು ಗಾಡಿ ಹತ್ತಿದ. ನಾವೂ ನಕ್ಕೆವು.

ಅಷ್ಟೊತ್ತಿಗೆ ನಮಗೆ ತೆಳುವಾದ ಗಿಡ್ಡ ಗ್ಲೌಸು ಬಂದಿದ್ದವು. ನನ್ನದರಲ್ಲಿ ಸೂಜಿಮೊನೆಯಷ್ಟು ತೂತಿತ್ತು. ಎಣ್ಣಿ ಹೊಕ್ಕಾಗ ಏನೂ ಅನ್ನಿಸಲಿಲ್ಲ. ರೊಟ್ಟಿ ಬಿಚ್ಚುವ ಹೊತ್ತಿಗೆ ನಡುಬೆರಳಿನ ಉಗುರಿನ ಕೆಳಗೆ ಸುತ್ತಿಗೆಯಿಂದ ಹೊಡೆದಂಥ ನೋವು. ನೋಡಿದರೆ ಬೆರಳಿಗೆ ಏನೂ ಆಗಿರಲಿಲ್ಲ. ಕೆಂಪೂ ಇಲ್ಲ, ಗುಳ್ಳೆಯೂ ಇಲ್ಲ. ಇರುವೆ ಕಡಿದಿರಬೇಕು ಎಂದರು. ಸಂಜೆಗೆ ಡಾಕ್ಟರ ಹತ್ತಿರ ಹೋದೆವು. ಅವರು ಮೊದಲು ಕೇಳಿದ್ದು ಡಬ್ಬಿಯಲ್ಲಿ ಏನಿದೆ ಎಂದು. ನಮಗೆ ಗೊತ್ತಿರಲಿಲ್ಲ. ಈರಣ್ಣ ಮಾರುವವನಿಗೆ ಫೋನು ಮಾಡಿದ, ಅವನು ಇನ್ನೊಬ್ಬನಿಗೆ ಕೇಳಿದ, ಕೊನೆಗೆ ಆಮ್ಲದ ಹೆಸರು ಹೊರಬಂತು. ಡಾಕ್ಟರು ಹೇಳಿದ್ದು ಇಷ್ಟು: ಇದು ಚರ್ಮವನ್ನು ಮೇಲೆ ಸುಡದೆ ಒಳಗೆ ಇಳಿಯುತ್ತದೆ, ಎಲುಬಿನಲ್ಲಿರುವ ಸುಣ್ಣದಂಶ ಸಿಗುವವರೆಗೂ ಇಳಿಯುತ್ತದೆ. ಅದಕ್ಕೆ ಆ ಸುಣ್ಣದಂಶವೇ ಇರುವ ಮುಲಾಮು ತಿಕ್ಕಬೇಕು. ಹೆಚ್ಚು ತಾಗಿದರೆ ಎದೆಬಡಿತವೇ ತಪ್ಪಬಹುದು, ಹುಬ್ಬಳ್ಳಿಗೆ ಓಡಬೇಕು. ನನಗೆ ಸಣ್ಣದರಲ್ಲಿ ಹೋಯಿತು. ಮುಲಾಮಿನ ಒಂದು ಟ್ಯೂಬನ್ನು ಈರಣ್ಣ ತಂದು ದುಡ್ಡಿನ ಗಲ್ಲೆಯ ಮೇಲಿನ ಕಪಾಟಿನಲ್ಲಿ ಇಟ್ಟ.

ಅಂದಿನಿಂದ ನಾನು ಗ್ಲೌಸು ಹಾಕುವ ಮೊದಲು ಅದರ ಬಾಯಿ ಹಿಡಿದು ಗಾಳಿ ತುಂಬಿಸಿ, ಕೆನ್ನೆಯ ಹತ್ತಿರ ಹಿಡಿದು ಹಿಸುಕುತ್ತೇನೆ. ತೂತಿದ್ದರೆ ಕೆನ್ನೆಗೆ ಗೊತ್ತಾಗುತ್ತದೆ. ನೀವೂ ಹಾಗೆ ಮಾಡಿ.

ಇಷ್ಟಾದರೂ ನೀಲಿ ಡಬ್ಬಿ ನಿಲ್ಲಲಿಲ್ಲ. ಗಿರಾಕಿಗಳಿಗೆ ಹೊಳಪು ಬೇಕಾಗಿತ್ತು. ಅದನ್ನು ನಿಲ್ಲಿಸುವ ಬದಲು ಈರಣ್ಣ ಮೊಣಕೈವರೆಗೆ ಬರುವ ಕರಿ ರಬ್ಬರಿನ ಗ್ಲೌಸು ತಂದ. ಇಲ್ಲಿಂದ ಮುಂದಿನದು ರೇಣುಕಾಳ ಸಂಗತಿ. ನಾನು ಬರೆಯಲು ಕೂತದ್ದು ಮುಖ್ಯವಾಗಿ ಅದಕ್ಕೇ.

ರೇಣುಕಾ ಸಂಶಿಯ ಹುಡುಗಿ, ಅಣ್ಣಿಗೇರಿಗೆ ಸೊಸೆಯಾಗಿ ಬಂದು ನಮ್ಮ ಜೊತೆ ಕೆಲಸಕ್ಕೆ ಸೇರಿದವಳು. ಗಂಡ ಟೆಂಪೋ ಓಡಿಸುತ್ತಿದ್ದ. ಅತ್ತೆ ಗಂಗವ್ವ ನಮ್ಮ ಸ್ಟೇಶನ್ನಿನ ಎದುರಿಗೆ, ರಸ್ತೆಯ ಆಚೆ ಚಹಾ-ಮಿರ್ಚಿಯ ಡಬ್ಬಿ ಅಂಗಡಿ ಇಟ್ಟಿದ್ದಳು. ನಮಗೆಲ್ಲ ಚಹಾ ಅಲ್ಲಿಂದಲೇ. ಕರಿ ಗ್ಲೌಸು ನನ್ನ ಕೈಗೆ ಸಲೀಸಾಗಿ ಮೊಣಕೈವರೆಗೆ ಏರಿತು. ಉಳಿದ ಹೆಂಗಸರಿಗೆ ಮಣಿಕಟ್ಟಿನಲ್ಲಿ ನಿಂತಿತು. ಗಾಜಿನ ಬಳೆಗೆ ಸಿಕ್ಕಿ ರಬ್ಬರು ಹರಿಯುತ್ತಿತ್ತು, ಎಳೆದರೆ ಬಳೆ ಒಡೆಯುತ್ತಿತ್ತು. ಅವರು ಕತ್ತರಿ ತೆಗೆದುಕೊಂಡು ಗ್ಲೌಸಿನ ತೋಳನ್ನೇ ಬಳೆಯ ಕೆಳಗೆ ಕತ್ತರಿಸಿಬಿಟ್ಟರು. ನೋಡಲು ಅಚ್ಚುಕಟ್ಟಾಗಿತ್ತು. ಈರಣ್ಣನ ಕಣ್ಣಿಗೆ ಅದು ಬೀಳಲಿಲ್ಲ, ಬಿದ್ದಿದ್ದರೂ ಹೆಂಗಸರ ಬಳೆಯ ವಿಷಯ ಅವನು ಎತ್ತುತ್ತಿರಲಿಲ್ಲ.

ಗಾಲಿಯ ಮೇಲ್ಭಾಗ ತಿಕ್ಕಲು ಕೈ ಮೇಲೆತ್ತಬೇಕು. ಎತ್ತಿದಾಗ ಎಣ್ಣಿ ಬೆರಳಿನಿಂದ ಮೊಣಕೈ ಕಡೆಗೆ ಹರಿಯುತ್ತದೆ. ಬಳೆಗೆ ತಾಗಿ ಅಲ್ಲೇ ನಿಲ್ಲುತ್ತದೆ. ಕೈ ಇಳಿಸಿದಾಗ ಕತ್ತರಿಸಿದ ಬಾಯಿಯಿಂದ ಗ್ಲೌಸಿನೊಳಗೆ ಇಳಿಯುತ್ತದೆ. ಇಷ್ಟನ್ನು ನಾನು ನೋಡಿ ತಿಳಿದಿದ್ದೆ.

ರೇಣುಕಾ ಬಸುರಿಯಾದಳು. ಏಳನೇ ತಿಂಗಳಲ್ಲಿ ಕುಬಸ ಮಾಡಿದರು. ಬಳೆಗಾರ ಎರಡೂ ಕೈಗೆ ಹಸಿರು ಬಳೆಗಳನ್ನು ಬಿಗಿಯಾಗಿ ಏರಿಸಿದ್ದ, ಹೆರಿಗೆಯವರೆಗೂ ಅಲುಗಬಾರದೆಂದು. ತವರಿಗೆ ಹೋಗಲು ಇನ್ನೂ ದಿನಗಳಿದ್ದವು, ಅಷ್ಟರವರೆಗೆ ಕೆಲಸಕ್ಕೆ ಬಂದಳು. ಈರಣ್ಣ ಅವಳಿಗೆ ಸೀಟು ಒರೆಸುವ ಕೆಲಸ ಕೊಟ್ಟ. ಹೊಟ್ಟೆ ಹೊತ್ತು ಕಾರಿನೊಳಗೆ ಬಗ್ಗುವುದು ಆಗಲಿಲ್ಲ. ಮಣೆ ಹಾಕಿಕೊಂಡು ಗಾಲಿಯ ಮುಂದೆ ಕೂರುವುದೇ ಸುಲಭವೆಂದು ತಾನಾಗಿ ನೀಲಿ ಡಬ್ಬಿಯ ಕೆಲಸ ಕೇಳಿಕೊಂಡಳು.

ಒಂದು ದಿನ ಚಹಾದ ಹೊತ್ತಿಗೆ ಧೈರ್ಯ ಮಾಡಿ ಹೇಳಿದೆ. "ರೇಣುಕಾ, ಗ್ಲೌಸಿನ ತೋಳು ಕತ್ತರಿಸಬ್ಯಾಡವಾ. ಬಳಿ ಮ್ಯಾಲೆ ಸರಿಸಿ ಉದ್ದಂದ ಹಾಕ್ಕೊ."

"ಸರಿಯೂದಿಲ್ರಿ ಅಕ್ಕಾ. ನೋಡ್ರಿ, ಒಂದ್ ದಾರ ಹೋಗೂವಷ್ಟು ಸಂದಿಲ್ಲ."

"ಹಂಗಾರ ಕೆಲಸಕ್ಕ ಬಂದಾಗಷ್ಟ ತಗದ..."

ಮಾತು ಮುಗಿಯಲಿಲ್ಲ. ಗಂಗವ್ವ ಚಹಾದ ಕೆಟಲಿ ಹಿಡಿದು ನನ್ನ ಬೆನ್ನ ಹಿಂದೆಯೇ ನಿಂತಿದ್ದಳು.

"ಏನಂದಿ ನೀಲವ್ವಾ? ತುಂಬಿದ ಬಸುರಿಗೆ ಬಳಿ ತಗಿ ಅಂತೀಯೇನಬೇ? ನನ್ನ ಮಗ ಇನ್ನೂ ಗಟ್ಟಿ ಅದಾನ. ಇಕಿ ಕೈನೂ ನಿನ್ನ ಕೈಯಂಗ ಕಾಣಬೇಕೇನು ನಿನಗ?"

ಎಲ್ಲರೂ ಕೈಕೆಲಸ ನಿಲ್ಲಿಸಿದರು. ಗಂಗವ್ವ ಹೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ. ಗಂಡ ಸತ್ತಾಗ ಒಡೆಯುವುದು ಬಳೆಯನ್ನೇ. ಬಳೆ ತೆಗೆ ಎಂಬ ಮಾತು ಇನ್ನೊಬ್ಬ ಮುತ್ತೈದೆಯ ಬಾಯಿಂದ ಬಂದಿದ್ದರೆ ಅದು ಬರೀ ಬುದ್ಧಿಮಾತು. ನನ್ನ ಬಾಯಿಂದ ಬಂದರೆ ಅದು ಬೇರೆ. ನಾನು ವ್ಯಾಕ್ಯೂಮ್ ಹಿಡಿದು ಕಾರಿನೊಳಗೆ ಹೋದೆ.

ಆಮೇಲೆ ಬಾಯಿ ತೆರೆಯಲಿಲ್ಲ. ಅಲಾಯ್ ಗಾಲಿಯ ಕಾರು ಬಂದರೆ ರೇಣುಕಾಳಿಗಿಂತ ಮೊದಲು ಮಣೆ ಎಳೆದುಕೊಂಡು ಕೂರುತ್ತಿದ್ದೆ. ಮದುವೆಗಳ ಕಾಲ, ಕಾರುಗಳು ಒಂದರ ಹಿಂದೊಂದು ಬರುತ್ತಿದ್ದವು. ಎಲ್ಲ ಗಾಲಿಗೂ ನಾನೇ ಕೂರುವುದು ಆಗಲಿಲ್ಲ.

ಅಂದು ನಾನು ಒಂದು ಕಾರಿನ ಸೀಟಿನ ಕೆಳಗೆ ತಲೆ ಹಾಕಿದ್ದೆ. ರೇಣುಕಾ ಬಾಗಿಲ ಹತ್ತಿರ ಬಂದು, "ಅಕ್ಕಾ, ಕೈ ಯಾಕೋ ಜೋಮು ಹಿಡದಂಗ ಆಗೇತ್ರಿ," ಎಂದಳು. ಎಡಗೈಯ ಗ್ಲೌಸನ್ನು ಎಳೆದು ತೆಗೆದಳು. ಅದರೊಳಗಿಂದ ನೀರಿನಂಥದು ಸುರಿದು ಸಿಮೆಂಟಿನ ಮೇಲೆ ಬಿದ್ದು ಬುಸುಬುಸು ನೊರೆ ಬಂತು. ಬೆರಳ ತುದಿಗಳು ಬಿಳಿಚಿದ್ದವು.

ಪೈಪು ಎಳೆದು ಅವಳ ಕೈಯನ್ನು ನೀರಿಗೆ ಹಿಡಿದೆ. ಮುಲಾಮು ತರಲು ಈರಣ್ಣನಿಗೆ ಕೂಗಿದೆ. ಅವನು ಟ್ಯೂಬು ತಂದ, ಗಾಡಿ ತೆಗೆಯಲು ಹೇಳಿದ. ಗದ್ದಲ ಕೇಳಿ ಗಂಗವ್ವ ರಸ್ತೆ ದಾಟಿ ಓಡಿಬಂದಳು. ಬೆರಳ ಮೇಲೆ ನೀರು ಬೀಳುತ್ತಿತ್ತು. ಆದರೆ ಬಳೆಗಳ ಕೆಳಗೆ ನೀರು ಹೋಗುತ್ತಿರಲಿಲ್ಲ. ಒತ್ತಾಗಿ ಕೂತ ಬಳೆಗಳ ಸಂದಿಯಲ್ಲಿ ಚರ್ಮ ಬಿಳಿ ಗೆರೆಗೆರೆಯಾಗಿ ಕಾಣತೊಡಗಿತ್ತು. ಕೈಯೂ ಊದಿಕೊಳ್ಳುತ್ತಿತ್ತು. ಸಾಬೂನು ಹಚ್ಚಿ ಎಳೆದೆ, ಒಂದೂ ಕದಲಲಿಲ್ಲ.

"ನೀರ ಬಿಟ್ಟೀರಲ್ಲ, ಸಾಕಾತು. ಮುಲಾಮ ಹಚ್ರಿ," ಎಂದಳು ಗಂಗವ್ವ.

"ಬಳಿ ಸಂದಿನ್ಯಾಗ ಎಣ್ಣಿ ಕುಂತೈತಿ. ಬಳಿ ಹೋಗಬೇಕು," ಎಂದೆ. ನಾನು ಅಷ್ಟು ಜೋರಾಗಿ ಮಾತಾಡಿದ್ದು ಅವರು ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಗಂಗವ್ವ ನನ್ನನ್ನು ನೋಡಿದಳು. ಈರಣ್ಣ ನೆಲ ನೋಡಿದ. ಪರರ ಹೆಂಡತಿಯ ಕೈ ಅವನು ಮುಟ್ಟುವಂತಿರಲಿಲ್ಲ, ಅತ್ತೆ ಮುಟ್ಟಲು ಸಿದ್ಧವಿರಲಿಲ್ಲ, ಗಂಡ ಸತ್ತ ನಾನು ಆ ಬಳೆ ಒಡೆದರೆ ಜನ ಏನನ್ನುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ನೀರು ಹರಿಯುತ್ತಿತ್ತು.

"ಎಲ್ಲಾರೂ ನನ್ನ ಕೈ ನೋಡಾಕತ್ತೀರಿ," ಎಂದಳು ರೇಣುಕಾ. "ಬಟ್ಟಿ ಕೊಡ್ರಿ ಅಕ್ಕಾ."

ಕಾರು ಒರೆಸುವ ದಪ್ಪ ಬಟ್ಟೆಯನ್ನು ಬಳೆಗಳ ಸುತ್ತ ಬಿಗಿಯಾಗಿ ಸುತ್ತಿದೆ, ಚೂರು ಚುಚ್ಚಬಾರದೆಂದು. "ಅತ್ತಿ, ಆ ಕಡೆ ನೋಡ್ರಿ," ಎಂದಳು. ಗಂಗವ್ವ ತಿರುಗಲಿಲ್ಲ. ರೇಣುಕಾ ತನ್ನ ಕೈಯನ್ನು ನೀರಿನ ತೊಟ್ಟಿಯ ಕಲ್ಲಂಚಿಗೆ ಹೊಡೆದಳು. ಬಟ್ಟೆಯೊಳಗಿಂದ ಸಣ್ಣ ಸದ್ದು ಬಂತು. ಕೈ ಹೊರಳಿಸಿ ಮತ್ತೆ ಹೊಡೆದಳು.

ಬಟ್ಟೆ ಬಿಚ್ಚಿ ಚೂರುಗಳನ್ನು ನೀರಿನಲ್ಲಿ ಕೊಚ್ಚಿದೆ. ಹೊಸ ಗ್ಲೌಸು ಹಾಕಿಕೊಂಡು ಮುಲಾಮು ತಿಕ್ಕಿದೆ. ತಿಕ್ಕುವವರ ಕೈಗೂ ಗ್ಲೌಸು ಬೇಕು, ಇದನ್ನು ಮರೆಯಬೇಡಿ. ಅಷ್ಟರಲ್ಲಿ ಗಂಗವ್ವ ತನ್ನ ಸೀರೆಯ ಸೆರಗಿನಿಂದ ಒಂದು ಎಳೆ ಕಿತ್ತಳು. "ಸರಿಯಬೇ," ಎಂದು ನನ್ನನ್ನು ಪಕ್ಕಕ್ಕೆ ತಳ್ಳಿ, ಆ ಎಳೆಯನ್ನು ಸೊಸೆಯ ಮೊಣಕೈಯ ಮೇಲೆ ಕಟ್ಟಿದಳು. ಬಳೆ ಹೋದ ಮುತ್ತೈದೆಯ ಕೈ ಬರಿದಾಗಿರಬಾರದು, ಬೇರೆ ಬಳೆ ಬರುವವರೆಗೆ ದಾರವಾದರೂ ಇರಬೇಕು. ಕಟ್ಟಿದ ಮೇಲೆ ಗಾಡಿ ಹುಬ್ಬಳ್ಳಿಗೆ ಹೊರಟಿತು.

ಆಸ್ಪತ್ರೆಯಲ್ಲಿ ಕೆಲವು ದಿನ ಇಟ್ಟುಕೊಂಡರು. ಎರಡು ಬೆರಳಿನ ಉಗುರು ಹೋಗಿ ಮತ್ತೆ ಬಂದವು. ಬಳೆಯ ಜಾಗದಲ್ಲಿ ಬಿಳಿ ಗೆರೆಗಳು ಉಳಿದವು. ಹೊಟ್ಟೆಯ ಕೂಸಿಗೆ ಏನೂ ಆಗಲಿಲ್ಲ. ಸಂಶಿಯಲ್ಲಿ ಹೆಣ್ಣುಮಗು ಹುಟ್ಟಿತು.

ಎಣ್ಣಿ ಮಾರುವವನು ಮತ್ತೆ ಬಂದಾಗ ಈರಣ್ಣ ನೀಲಿ ಡಬ್ಬಿಗಳನ್ನೆಲ್ಲ ರಸ್ತೆಯ ಅಂಚಿಗೆ ತಂದಿಟ್ಟ. "ನೀ ಮುಖ ತೊಕ್ಕೊಂತೀನಿ ಅಂದಿದ್ದಿ. ಎಲ್ಲಾ ನಿನಗ ಇರಲಿ," ಎಂದ. ಮೂಸಿ ನೋಡುವುದನ್ನೂ ಬಿಟ್ಟ. ಡಬ್ಬಿಯ ಮೇಲೆ ಒಳಗೇನಿದೆ ಎಂದು ಬರೆದಿರದಿದ್ದರೆ ಇಳಿಸಿಕೊಳ್ಳುತ್ತಿರಲಿಲ್ಲ. ಆಮೇಲೆ ಬಂದ ಗಾಲಿಯ ಎಣ್ಣಿಯಲ್ಲಿ ಆ ಆಮ್ಲ ಇರಲಿಲ್ಲ. ಅದನ್ನು ಹಾಕಿದರೆ ಗಾಲಿಯಿಂದ ನೇರಳೆ ಬಣ್ಣ ಇಳಿಯುತ್ತಿತ್ತು, ಕೊಳೆತ ತತ್ತಿಯ ವಾಸನೆ ಬೇರೆ. ನೀವು ಬಳಸುವುದೂ ಅದೇ ಇರಬಹುದು. ಅದಕ್ಕೂ ಗ್ಲೌಸು ಬೇಕು.

ಗಂಗವ್ವ ನನ್ನೊಡನೆ ಮಾತು ಬಿಟ್ಟಳು. ಉಳಿದವರಿಗೆ ಚಹಾ ಕೈಗೆ ಕೊಡುತ್ತಿದ್ದಳು, ನನ್ನದನ್ನು ಗೋಡೆಯ ಮೇಲೆ ಇಟ್ಟು ಹೋಗುತ್ತಿದ್ದಳು. ಕುಡಿಯುತ್ತಿದ್ದೆ.

ಮಗು ಕೂರುವಂತಾದ ಮೇಲೆ ರೇಣುಕಾ ಕೆಲಸಕ್ಕೆ ಮರಳಿದಳು. ಈ ಸಲ ಬಳೆಗಾರನಿಗೆ ಹೇಳಿ ದೊಡ್ಡ ಅಳತೆಯ ಬಳೆ ಇಡಿಸಿಕೊಂಡಿದ್ದಳು, ಜಾರಿಸಿದರೆ ಬರುವಂಥವು. ಕೆಲಸದ ಹೊತ್ತಿಗೆ ತೆಗೆದಿಡಲು ಗಂಗವ್ವ ಒಪ್ಪಿದ್ದಳು, ಒಂದು ಶರತ್ತಿನ ಮೇಲೆ. ಬೆಳಿಗ್ಗೆ ತಾನೇ ಎರಡೂ ಮಣಿಕಟ್ಟಿಗೆ ಅರಿಷಿಣ ಹಚ್ಚಿದ ದಾರ ಕಟ್ಟಬೇಕು, ಆಮೇಲೆ ಸೊಸೆ ರಸ್ತೆ ದಾಟಬೇಕು. ದಾರದ ಮೇಲೆ ಗ್ಲೌಸು ಎಲ್ಲಿಯೂ ಸಿಕ್ಕದೆ ಏರುತ್ತಿತ್ತು. ಉಳಿದ ಹೆಂಗಸರೂ ಮನೆಯಿಂದ ಹಾಗೇ ಕಟ್ಟಿಸಿಕೊಂಡು ಬರತೊಡಗಿದರು. ಕತ್ತರಿ ಹಾಗೇ ಬಿದ್ದಿತ್ತು.

ಒಂದು ದಿನ ಗಂಗವ್ವ ನಸುಕಿನಲ್ಲೇ ಎದ್ದು ನವಲಗುಂದಕ್ಕೆ ಬೀಗರ ಮನೆಗೆ ಹೋಗಿದ್ದಳು. ಅಂಗಡಿ ಮುಚ್ಚಿತ್ತು. ರೇಣುಕಾ ದಾರದ ಉಂಡೆ ಹಿಡಿದುಕೊಂಡು ಬಂದಳು. ಬೇರೆ ಯಾರೂ ಇನ್ನೂ ಬಂದಿರಲಿಲ್ಲ. ಬಳೆ ತೆಗೆದು ಬುತ್ತಿಯ ಡಬ್ಬಿಯಲ್ಲಿಟ್ಟಳು. ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಗಂಟು ಹಾಕಲು ನೋಡಿದಳು. ಆಗಲಿಲ್ಲ. ಕೈ ನನ್ನ ಮುಂದೆ ಹಿಡಿದಳು.

"ಕಟ್ರಿ ಅಕ್ಕಾ."

"ನಿಮ್ಮತ್ತಿ ಬರಲಿ."

"ಅತ್ತಿ ಬರೂದು ಸಂಜಿಗಿ. ಗಾಡಿಯವ್ರು ಆಗಲೇ ಹಾರ್ನ್ ಹೊಡ್ಯಾಕತ್ತಾರ."

"ನಾ ಕಟ್ಟಬಾರದವಾ. ನಿನಗ ಗೊತ್ತೈತಿ."

"ಗೊತ್ತೈತ್ರಿ," ಎಂದಳು. ಕೈ ಹಿಂದೆಗೆಯಲಿಲ್ಲ. "ಕಟ್ರಿ."

ಕಟ್ಟಿದೆ. ನನ್ನ ಬೆರಳು ಒರಟು, ಗಂಟು ಸಣ್ಣದಾಗಲಿಲ್ಲ. ಅವಳು ಅದರ ಮೇಲೆ ಗ್ಲೌಸು ಎಳೆದುಕೊಂಡು ಗಾಲಿಯ ಮುಂದೆ ಹೋಗಿ ಕೂತಳು.

ಮರುದಿನ ಗಂಗವ್ವ ಅಂಗಡಿ ತೆರೆದಿದ್ದಳು. ರೇಣುಕಾ ಮಗುವನ್ನು ಅವಳ ತೊಡೆಯ ಮೇಲೆ ಕೂರಿಸಿ, ದಾರವನ್ನು ಕೈಯಲ್ಲೇ ಹಿಡಿದುಕೊಂಡು ರಸ್ತೆ ದಾಟಿ ನನ್ನ ಹತ್ತಿರ ಬಂದಳು. ಗಂಗವ್ವ ಅಲ್ಲಿಂದ ನೋಡುತ್ತಿದ್ದಳು, ನಾನೂ ಅವಳನ್ನು ನೋಡಿದೆ. ಅವಳು ಮಗುವಿನ ಮೂಗು ಒರೆಸಿ, ಒಲೆಯ ಮೇಲೆ ಚಹಾ ಇಟ್ಟಳು. ನಾನು ದಾರ ಕಟ್ಟಿದೆ.